ಈಗ ಬಂದೆ ಅಂದವನು

ಕೇಳ್ರಪ್ಪಾ ಕೇಳಿ, ಕೇಳ್ರವ್ವಾ ಕೇಳಿ. ಕಡಲಿಗೆ ಉಪ್ಪು ಸಾಕಾ, ಇನ್ನೊಂದು ಹಿಡಿ ಬೇಕಾ ಅಂತ ದೇವರು ರುಚಿ ನೋಡ್ತಿದ್ದ ಕಾಲ. ಯಾವ ದೇಶ? ನಂಗೊತ್ತಿಲ್ಲ. ಗೊತ್ತಿದ್ರೂ ಹೇಳಲ್ಲ, ಆಮೇಲೆ ಆ ದೇಶದೋರು ಜಗಳಕ್ಕೆ ಬರ್ತಾರೆ. ಆ ದೇಶದಲ್ಲಿ ಒಂದು ಬಂದರು ಪಟ್ಟಣ. ಹಡಗು ಬರೋವು, ಹಡಗು ಹೋಗೋವು, ಇಳಿದೋರ ಗಂಟು ಮಾತ್ರ ಎಲ್ಲಿಗೆ ಹೋಗೋದೋ ಯಾರಿಗೂ ತಿಳೀತಿರಲಿಲ್ಲ. ಅಲ್ಲಿ ಕಳ್ಳರು ಎಂಥ ಜಾಣರು ಗೊತ್ತಾ? ನೀವು ಆಕಳಿಸಿ ಬಾಯಿ ಮುಚ್ಚೋದ್ರೊಳಗೆ ಒಂದು ಹಲ್ಲು ಕಮ್ಮಿ ಆಗಿರೋದು.

ಆ ಪಟ್ಟಣಕ್ಕೆ ಒಂದು ದಿನ ಚಿಕ್ಕತಾಯಮ್ಮ ಬಂದ್ಲು. ಏಳು ಗುಡ್ಡದ ಆಚೆ ಹಳ್ಳಿಯೋಳು. ತಲೆ ಮೇಲೆ ಏನು? ತೊಟ್ಟಿಲು. ಅವಳ ಅಜ್ಜಿ ಮಲಗಿದ್ದ ತೊಟ್ಟಿಲು, ಅವ್ವ ಮಲಗಿದ್ದ ತೊಟ್ಟಿಲು, ಅವಳೂ ಮಲಗಿದ್ದ ತೊಟ್ಟಿಲು. ಮಗಳು ಮುದ್ದಮ್ಮನ್ನ ಕಡಲಾಚೆ ನಡುಗಡ್ಡೆಗೆ ಮದುವೆ ಮಾಡಿ ಕೊಟ್ಟಿದ್ಲು. ಮುದ್ದಮ್ಮ ಹೆತ್ತಿದ್ಲು. ನಾಳೆ ಕೂಸಿಗೆ ಹೆಸರಿಡೋ ದಿನ. ಆ ವಂಶದಲ್ಲಿ ಆ ತೊಟ್ಟಿಲಿಗೆ ಹಾಕದೆ ಯಾರಿಗೂ ಹೆಸರಿಟ್ಟಿಲ್ಲ. ಒಬ್ಬ ದೊಡ್ಡಪ್ಪನಿಗೆ ಹಾಗೇ ತಪ್ಪಿಹೋಗಿ, ಅವನು ಸಾಯೋವರೆಗೂ 'ಏ ಇವ್ನೇ' ಅಂತಲೇ ಕರೆಸಿಕೊಂಡ. ನಡುಗಡ್ಡೆಗೆ ಹೋಗೋ ದೋಣಿ ಹದಿನೈದು ದಿನಕ್ಕೊಂದು. ಅಂಬಿಗ ಮೂರು ಸಲ ಶಂಖ ಊದ್ತಾನೆ, ಮೂರನೇದಕ್ಕೆ ಹಗ್ಗ ಬಿಚ್ತಾನೆ. ಇವತ್ತಿನ ದೋಣಿ ತಪ್ಪಿದ್ರೆ ಮೊಮ್ಮಗನೂ 'ಏ ಇವ್ನೇ'!

ಇನ್ನೊಂದು ಮಾತು ಕೇಳಿ. ಅವಳ ಹಳ್ಳೀಲಿ ಯಾರೂ 'ಹೋಗ್ತೀನಿ' ಅನ್ನಲ್ಲ. ಅಪಶಕುನ. 'ಬರ್ತೀನಿ' ಅಂತಾರೆ. ಇನ್ನೂ ಬೇಗ ಬರೋರು 'ಈಗ ಬಂದೆ' ಅಂತಾರೆ. ನಾವೂ ಅನ್ನಲ್ವಾ? ನಾವು ಅಂದು ಸಂಜೆಗೆ ಬರ್ತೀವಿ. ಅವರು ಹಾಗಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ನಂಬಿದ ಜನ. 'ಬಂದೆ' ಅಂದ ಮೇಲೆ ಉಸಿರು ತಗೊಳೋದ್ರೊಳಗೆ ಬಂದಿರ್ತಾರೆ.

ತಾಯಮ್ಮ ಬಂದರಿನ ಕಟ್ಟೆ ಹತ್ರ ಬಂದ್ಲೋ ಇಲ್ವೋ, ಒಬ್ಬ ಓಡಿ ಬಂದ.

"ಅಯ್ಯೋ ಅಮ್ಮಾ, ಹೆಗಲ ಮೇಲೆ ಕಾಗೆ ಹಿಕ್ಕೆ! ಬುತ್ತಿ ಗಂಟಿಗೂ ಬಿದ್ದಿದೆ. ಕೊಡಿ, ತೊಳ್ಕೊಂಡು ಬರ್ತೀನಿ. ಇಲ್ಲೇ ಇರಿ, ಈಗ ಬಂದೆ."

ಬುತ್ತಿ ಹೋಯ್ತು. ತಾಯಮ್ಮ ನಿಂತ್ಲು.

ಎದೆಗೆ ಹಿತ್ತಾಳೆ ಬಿಲ್ಲೆ ಕಟ್ಟಿಕೊಂಡ ಇನ್ನೊಬ್ಬ ಬಂದ. "ಏನಮ್ಮಾ, ಕಡಲಿನ ಮುಂದೆ ಚಪ್ಪಲಿ ಮೆಟ್ಕೊಂಡು ನಿಂತಿದ್ದೀರಾ? ಕಡಲು ಮುನಿಸ್ಕೊಂಡು ಹಿಂದಕ್ಕೆ ಹೋದ್ರೆ ದೋಣಿ ಹೆಂಗೆ ತೇಲುತ್ತೆ? ಕೊಡಿ, ಜೋಪಾನವಾಗಿ ಇಟ್ಟು ಬರ್ತೀನಿ. ಇಲ್ಲೇ ಇರಿ, ಈಗ ಬಂದೆ."

ಚಪ್ಪಲಿ ಹೋಯ್ತು. ತಾಯಮ್ಮ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತ್ಲು.

ಆಗ ಮೊದಲನೇ ಶಂಖ. ಭೋಂ! ಕೆಂಪು ರುಮಾಲಿನ ಹಮಾಲಿ ಒಬ್ಬ ಬಂದ. "ಅವ್ವಾ, ದೋಣೀಲಿ ಎಷ್ಟು ನೂಕುನುಗ್ಗಲು ಅಂತೀರಿ! ತೊಟ್ಟಿಲಿಗೆ ಜಾಗ ಹಿಡಿದು ಬರ್ತೀನಿ. ಇಲ್ಲೇ ಇರಿ, ಈಗ ಬಂದೆ."

ತೊಟ್ಟಿಲೂ ಹೋಯ್ತು. ನಗಬೇಡಿ. ನಿಮ್ಮ ಮಗಳ ಕೂಸಾಗಿದ್ರೆ ನಗ್ತಿದ್ರಾ?

ಪಕ್ಕದಲ್ಲಿ ಮೀನು ಮಾರೋಳು ಒಬ್ಬಳು ಕೂತಿದ್ಲು. ಎಲ್ಲಾ ನೋಡಿ ನೋಡಿ ಹಣೆ ಚಚ್ಚಿಕೊಂಡ್ಲು. "ಎಲೆ ಹುಚ್ಚಿ, ಅವರು ಕಳ್ಳರು ಕಣೇ. ಅವರ್ಯಾರೂ ಬರಲ್ಲ."

"ಬರೀ 'ಬರ್ತೀನಿ' ಅಂದಿದ್ರೆ ಬರದೇ ಇರಬಹುದು ಅಕ್ಕಾ," ಅಂದ್ಲು ತಾಯಮ್ಮ. "'ಬಂದೆ' ಅಂದವ್ರೆ. ಬಂದಾಗಿದೆ. ಯಾರಾಗಿ ಬಂದವ್ರೆ ಅಂತ ನೋಡಬೇಕಷ್ಟೆ. ಈ ಊರಲ್ಲಿ ವೇಷ ಬೇಗ ಬದಲಾಯಿಸ್ತಾರೆ ಅಂತ ಕೇಳಿದ್ದೀನಿ. ಈಗ ಮೊದಲು ಇಲ್ಲಿಗೆ ಯಾರು ಬರ್ತಾರೋ, ಅವನೇ ಇವನು!"

ಮೀನಿನವಳು ಮತ್ತೊಂದು ಸಲ ಹಣೆ ಚಚ್ಚಿಕೊಂಡ್ಲು.

ಮೊದಲು ಬಂದಿದ್ದು ಯಾರು ಹೇಳಿ? ಆ ಪಟ್ಟಣದ ಕೊತ್ವಾಲ! ಕಳ್ಳರನ್ನ ಹಿಡಿಯೋ ದೊಡ್ಡ ಮನುಷ್ಯ. ಅವನ ಮೀಸೆ ಎಷ್ಟುದ್ದ? ಎಡಗಡೆ ಮೂರು ಮಾರು, ಬಲಗಡೆ ಮೂರು ಮಾರು. ಎರಡು ಕಡೆ ಎರಡು ಆಳು, ಮೀಸೆ ಹೊರೋದಕ್ಕೇ ಸಂಬಳ. ಆ ಮೀಸೆ ಕಂಡ್ರೆ ಊರೇ ನಡುಗೋದು. ತಾಯಮ್ಮ ನಡುಗಲಿಲ್ಲ. ಹೋಗಿ ಅವನ ಸೊಂಟದ ಪಟ್ಟಿ ಹಿಡಿದ್ಲು.

"ಬಂದ್ಯಾ? ಎಲ್ಲಪ್ಪಾ ನನ್ನ ತೊಟ್ಟಿಲು?"

"ಯಾವ ತೊಟ್ಟಿಲು? ನಾನು ಕೊತ್ವಾಲ!"

"ಈಗ ಕೊತ್ವಾಲ. ಆಗ ಹಮಾಲಿ."

"ಏ ಮುದುಕಿ, ನಾನು ಈಗ ಬಂದೆ!"

"ಕೇಳಿದ್ರಾ!" ಅಂತ ಕೂಗಿದ್ಲು ತಾಯಮ್ಮ. "ಅದೇ ಮಾತು! ಅಕ್ಷರ ತಪ್ಪಿಲ್ಲ!"

"ಅಯ್ಯೋ, ನಿಜವಾಗ್ಲೂ ಈಗ ಬಂದೆ!"

"ಎರಡು ಸಲ ಆಯ್ತು!"

"ದೇವರಾಣೆಗೂ ಈಗ ಬಂದೆ!"

"ಮೂರು!"

ಜನ ಸೇರಿದ್ರು. ಎರಡನೇ ಶಂಖ ಆಯ್ತು. ಭೋಂ! ತಾಯಮ್ಮ ಸೊಂಟದ ಪಟ್ಟಿ ಇನ್ನೂ ಬಿಗಿಯಾಗಿ ಹಿಡಿದ್ಲು. ಕೊತ್ವಾಲನಿಗೆ ಮಾನ ಹೋಗ್ತಿದೆ. "ಆಯ್ತು, ನಡಿ! ಇಲ್ಲೇ ಎದುರಿಗೆ ನನ್ನ ಮನೆ. ಜಾಲಾಡು. ತೊಟ್ಟಿಲು ಸಿಗದಿದ್ರೆ ನಿನ್ನ ಸೆರೆಮನೆಗೆ ಹಾಕ್ತೀನಿ!"

ಜನ ಎಲ್ಲಾ ಹಿಂದೆ ಹೊರಟ್ರು. ಮೀನಿನವಳೂ ಕತ್ತಿ ಹಿಡ್ಕೊಂಡೇ ಹೊರಟ್ಲು. ಬಾಗಿಲಲ್ಲಿ ಕೊತ್ವಾಲನ ಹೆಂಡತಿ, ನಗ್ತಾ ನಗ್ತಾ ಬೆರಳು ನೆಕ್ತಾ ನಿಂತಿದ್ಲು.

"ಬಂದ್ರಾ! ನಿಮ್ಮ ಮೀಸೆ ಮಧ್ಯಾಹ್ನ ಮಲಗೋಕೆ ಒಂದು ತೊಟ್ಟಿಲು ಬೇಕು ಅಂತಿದ್ರಲ್ಲಾ, ಹಮಾಲಿ ಈಗ ತಂದು ಕಟ್ಟಿ ಹೋದ. ಇವತ್ತಿನ ನಿಮ್ಮ ಪಾಲಂತೆ. ಬುತ್ತೀಲಿ ಚಟ್ನಿಪುಡಿ ಬಲು ಚೆನ್ನಾಗಿತ್ತು. ಚಪ್ಪಲಿ ನೋಡಿ, ನನ್ನ ಕಾಲಿಗೆ ಅಳತೆ ಕೊಟ್ಟ ಹಾಗಿದೆ!"

ನೋಡಿದ್ರಾ? ಬೇಲಿಯೇ ಎದ್ದು ಹೊಲ ಮೇಯ್ದ ಕಥೆ.

ಕೊತ್ವಾಲ ಸುಮ್ನಿದ್ನಾ? ಓಡಿಹೋಗಿ ಎರಡೂ ಕಡೆ ಮೀಸೆ ಸುತ್ತಿ ಸುತ್ತಿ ತೊಟ್ಟಿಲೊಳಗೆ ಹಾಕಿದ. "ಶ್! ಮೀಸೆ ಮಲಗಿದೆ. ಮಲಗಿದ ಮೀಸೆ ಎಬ್ಬಿಸಿದ್ರೆ ಏಳು ವರ್ಷ ಸೆರೆ, ಈ ಊರಿನ ಕಾನೂನು!" ಆಳುಗಳು ಪಾಪ, ಅಭ್ಯಾಸಬಲ, ಜೋಗುಳ ಶುರು ಮಾಡಿದ್ರು.

ತಾಯಮ್ಮ ಬಗ್ಗಿ ನೋಡಿದ್ಲು. "ಕಾನೂನು ಕಾನೂನೇ. ಮಲಗಿದ್ದನ್ನ ಎಬ್ಬಿಸಬಾರದು," ಅಂದ್ಲು. ತೊಟ್ಟಿಲಿನ ಹಗ್ಗ ಬಿಚ್ಚಿದ್ಲು. ಮೀಸೆ ಸಮೇತ ಎತ್ತಿ ತಲೆ ಮೇಲೆ ಇಟ್ಕೊಂಡು ದೋಣಿ ಕಡೆ ಒಂದೇ ಉಸಿರಲ್ಲಿ ಓಡಿದ್ಲು. ಹಿಂದೆ ಯಾರು? ಕೊತ್ವಾಲ! ಬಿಡಕ್ಕಾಗಲ್ಲ, ಮೀಸೆ ಮುಖಕ್ಕೆ ಅಂಟಿದೆ. "ಅಯ್ಯೋ, ಮೆಲ್ಲಗೆ! ಅಯ್ಯೋ, ಮೆಲ್ಲಗೆ! ಅಯ್ಯಯ್ಯೋ, ಮೆಲ್ಲಗೆ!" ಅವನ ಹಿಂದೆ ಆಳುಗಳು, ಜೋಗುಳ ಹಾಡ್ತಾ. ಅವರ ಹಿಂದೆ ಕತ್ತಿ ಹಿಡಿದ ಮೀನಿನವಳು.

ತಾಯಮ್ಮ ದೋಣಿ ಹತ್ತಿದ್ಲು. ಮೂರನೇ ಶಂಖ. ಭೋಂ! ಅಂಬಿಗ ಹಗ್ಗ ಬಿಚ್ಚಿ ಕೇಳಿದ, "ತೊಟ್ಟಿಲಿಗೆ ಜಾಗ ಇದೆ. ಈ ಮನುಷ್ಯನಿಗೆ ಇಲ್ಲ. ಏನ್ ಮಾಡ್ತೀರಾ?"

ಕೊತ್ವಾಲ ಮಂಡಿಯುದ್ದ ನೀರಲ್ಲಿ ನಿಂತು ಬೊಬ್ಬೆ ಹೊಡೆದ. ದೋಣಿ ಆ ಕಡೆ ಎಳೀತು, ಮೀಸೆ ಬಿಗೀತು, ಮೂಗು ಮಾರುದ್ದ ಆಯ್ತು. "ಯಾರಾದ್ರೂ ಕತ್ತರಿಸ್ರೋ!"

ಮೀನಿನವಳು ಆ ಮಾತಿಗೆ ಎಷ್ಟು ವರ್ಷದಿಂದ ಕಾದಿದ್ಲೋ. ಕಚಕ್!

ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅಂತಾರೆ. ಇಲ್ಲಿ ಜಟ್ಟಿ ನೀರಿಗೆ ಬಿದ್ದ, ಮೀಸೆ ದೋಣಿ ಹತ್ತಿ ಹೋಯ್ತು. ಬೋಳು ಮುಖದ ಕೊತ್ವಾಲ ದಡಕ್ಕೆ ಬಂದ್ರೆ ಗುರುತು ಹಿಡಿಯೋರೇ ಇಲ್ಲ. ಹೆಂಡತಿಯೇ ಬಾಗಿಲು ಹಾಕಿಕೊಂಡ್ಲು. ಕಟ್ಟೆ ಮೇಲೆ ಕೂತು ಅಳ್ತಿದ್ರೆ ಒಬ್ಬ ಓಡಿ ಬಂದು ಕೇಳಿದ್ನಂತೆ: "ಸ್ವಾಮೀ, ಊರಿಗೆ ಹೊಸಬರಾ? ಹೆಗಲ ಮೇಲೆ ಕಾಗೆ ಹಿಕ್ಕೆ..."

ಅವನ ಪಾಡು ಅವನಿಗಿರಲಿ. ನಾವು ನಡುಗಡ್ಡೆಗೆ ಹೋಗೋಣ.

ಸಂಜೆಗೆ ತಾಯಮ್ಮ ಮಗಳ ಅಂಗಳದಲ್ಲಿ ತೊಟ್ಟಿಲು ಇಳಿಸಿದ್ಲು. ಮುದ್ದಮ್ಮ ಕೂಸೆತ್ತಿಕೊಂಡು ಓಡಿ ಬಂದ್ಲು. ತೊಟ್ಟಿಲು ನೋಡಲಿಲ್ಲ. ಅದರೊಳಗಿದ್ದ ಆರು ಮಾರು ಮೀಸೇನೂ ನೋಡಲಿಲ್ಲ. ಅವ್ವನ ಕಾಲು ನೋಡಿದ್ಲು. ಬರಿಗಾಲು. ಅಂಗಾಲು ತುಂಬ ಬೊಬ್ಬೆ. ಕೂಸನ್ನ ಅವ್ವನ ಮಡಿಲಿಗೆ ಕೊಟ್ಟು, ತಂಬಿಗೆ ನೀರು ತಂದು, ತಾನೇ ಕೂತು ಆ ಕಾಲು ತೊಳೆದ್ಲು. ತೊಳೀತಾ ತೊಳೀತಾ ಅತ್ತಳು.

"ಯಾಕವ್ವಾ ಇಷ್ಟು ಕಷ್ಟಪಟ್ಟೆ? ತೊಟ್ಟಿಲು ಇಲ್ದಿದ್ರೆ ಇಲ್ಲ. ಕೂಸನ್ನ ನಿನ್ನ ಮಡಿಲಲ್ಲೇ ಹಾಕ್ಕೊಂಡು ಹೆಸರಿಡೋಣ ಅಂತಿದ್ದೆ. ನೀನು ಬಂದ್ರೆ ಸಾಕಿತ್ತು ನಂಗೆ."

ತಾಯಮ್ಮನಿಗೂ ಅಳು ಬಂತು. ಅಷ್ಟು ಹೊತ್ತು ಬಾರದ ಅಳು. ಸೆರಗಲ್ಲಿ ಮೂಗು ಒರೆಸಿಕೊಂಡು ಮಗಳ ತಲೆಗೆ ಒಂದು ಮೊಟಕಿದ್ಲು.

"ಈ ಮಾತು ಮೊದಲೇ ಹೇಳಿ ಕಳಿಸೋಕೆ ಏನಾಗಿತ್ತೇ ನಿಂಗೆ? ಪಾಪ, ಒಬ್ಬನ ಮೀಸೆ ಉಳೀತಿತ್ತು!"

ಕೂಸು ಮಲಗಿತು, ಕಡಲು ಮಲಗಿತು, ನನ್ನ ನಾಲಿಗೇನೂ ಮಲಗೋ ಹೊತ್ತಾಯ್ತು. ಏಳಿ ಏಳಿ. ಏಳೋಕೆ ಮುಂಚೆ ನಿಮ್ಮ ನಿಮ್ಮ ಗಂಟು ಮುಟ್ಟಿ ನೋಡ್ಕೊಳ್ಳಿ. ನಾನಂತೂ ಕಥೆ ಬಿಟ್ಟು ಬೇರೇನೂ ಮುಟ್ಟಿಲ್ಲ.