ಕೊನೆಯ ‘ಡಕ್’

ಇಂಗ್ಲೆಂಡಿನ ಸ್ಟೋಕ್‌ನಲ್ಲಿ ಆಸ್ಪತ್ರೆಯೆದುರಿನ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ಇಬ್ಬರು ಮುದುಕಿಯರು ಕೂತಿದ್ದರು. ಒಬ್ಬಳ ಮಡಿಲಲ್ಲಿ ಗಂಡಸಿನ ಚಪ್ಪಲಿ, ಕನ್ನಡಕ ತುಂಬಿದ ಆಸ್ಪತ್ರೆಯ ಚೀಲವಿತ್ತು.

“ಅಣ್ಣ ಕೊನೇಲಿ ಏನಾದ್ರೂ ಅಂದ್ನಾ, ಬೆರಿಲ್?”

“‘ಚಳಿ ಆಗ್ತಿದೆ, ಡಕ್’ ಅಂದ್ರು.”

“ನೋಡು ಮತ್ತೆ! ಐವತ್ತು ವರ್ಷ ನಿನ್ನನ್ನ ಪ್ರೀತಿಯಿಂದ ಹಾಗೇ ತಾನೇ ಕರೆದದ್ದು?”

“ನರ್ಸಿಗೂ ಹಾಗೇ ಅಂತಿದ್ರು, ಎನಿಡ್. ನೆಲ ಒರೆಸೋನಿಗೂ. ಈ ಊರಲ್ಲಿ ಹೆಂಡ್ತಿಗೂ ಡಕ್ಕೇ, ಬೀದೀಲಿ ಸಿಕ್ಕೋರಿಗೂ ಡಕ್ಕೇ.”

“ಕ್ರಿಕೆಟ್ಟಲ್ಲಿ ಸೊನ್ನೆಗೆ ಔಟಾಗಿ ಬಂದ್ರೆ, ‘ಮನೇಲಿರೋ ಡಕ್ಕಿಗೆ ಜೊತೆಗೊಂದು ಡಕ್ ತಂದಿದೀನಿ’ ಅಂತಿದ್ದ.”

“ಹ್ಞೂಂ.” ಬೆರಿಲ್ ಅರೆಗಳಿಗೆ ನಕ್ಕಳು. “ನನ್ನ ಹೆಸ್ರು ಮರೆತು ಎರಡು ವರ್ಷ ಆಗಿತ್ತಲ್ಲ. ಅವತ್ತು ಅವ್ರಿಗೆ ಕಂಡಿದ್ದು ನಾನೋ, ನರ್ಸೋ, ಗೊತ್ತಾಗ್ಲಿಲ್ಲ ಕಣೆ.”

“ನಾನ್ಯಾರು ಅಂತ ಕೇಳ್ಬೇಕಿತ್ತು.”

“ಕೇಳಿ, ಗೊತ್ತಿಲ್ಲ ಅಂದಿದ್ರೆ?”

ಎನಿಡ್ ಚೀಲದಿಂದ ಹೊರಗೆ ಇಣುಕುತ್ತಿದ್ದ ಚಪ್ಪಲಿಯನ್ನು ಒಳಗೆ ತಳ್ಳಿದಳು.

ಬಸ್ಸು ಬಂತು. ಬೆರಿಲ್ ಕಂಬಿ ಹಿಡಿದು ಹತ್ತಿದಳು.

“ಹುಷಾರು, ಡಕ್, ಮೆಟ್ಟಿಲು ಒದ್ದೆಯಾಗಿದೆ,” ಎಂದ ಡ್ರೈವರ್, ಅವಳ ಮುಖವನ್ನೂ ನೋಡದೆ.

ಅವಳು ಅಲ್ಲೇ ನಿಂತಳು. ಹಿಂದಿದ್ದ ನಾವೂ ಕಾದೆವು.

“ಥ್ಯಾಂಕ್ಸ್, ಡಕ್,” ಎಂದು ಮೆಲ್ಲಗೆ ಹೇಳಿ ಒಳಗೆ ಹೋದಳು.