ದೊರೆಯ ಬಿಳಿ ಕುದುರೆಗೆ ಬಂದ ಬೇನೆ

ಹೂಂ ಅನ್ನೋರು ಮುಂದೆ ಬನ್ನಿ, ತೂಕಡಿಸೋರು ಗೋಡೆಗೆ ಒರಗಿ. ಯಾವ ಕಾಲವೋ ಆ ಕಾಲಕ್ಕೇ ಗೊತ್ತು, ಯಾವ ಸೀಮೆಯೋ ಆ ಸೀಮೆಗೇ ಗೊತ್ತು. ಅಲ್ಲೊಂದು ಕಲ್ಲುಕೋಟೆ. ಕೋಟೆಗೊಬ್ಬ ದೊರೆ, ಹೆಸರು ಸರ್ಜಾನಾಯಕ. ದೊರೆಗೊಂದು ಲಾಯ, ಲಾಯದ ತುಂಬ ಕುದುರೆ. ಆ ಕುದುರೆಗಳಿಗೊಬ್ಬ ವೈದ್ಯ, ಈರೋಜಿ ಅಂತ.

ಕುದುರೆ ವೈದ್ಯ ಅಂದ್ರೆ ಸುಲಭ ಅಂದ್ಕೊಂಡ್ರಾ? ಮನುಷ್ಯನಾದ್ರೆ ಇಲ್ಲಿ ನೋವು, ಅಲ್ಲಿ ಉರಿ ಅಂತಾನೆ. ಕುದುರೆ ಏನು ಹೇಳ್ತದೆ? ಒದೀತದೆ. ಈರೋಜಿಯ ಎಡಗಡೆ ಪಕ್ಕೆಲುಬು ಹಾಗೇ ಮುರಿದು ಹಾಗೇ ಕೂಡಿಕೊಂಡಿದ್ವು. ಹೊಟ್ಟೆ ತಿರುಚಿ ನೆಲದ ಮೇಲೆ ಹೊರಳಾಡೋ ಕುದುರೆಯ ಪಕ್ಕ ಕೂತು, ಹೊಟ್ಟೆಗೆ ಕಿವಿ ಇಡೋನು. ಕರುಳು ಗುಡುಗುಡು ಅಂದ್ರೆ ಬದುಕ್ತದೆ. ಸದ್ದಿಲ್ಲ ಅಂದ್ರೆ ಇಲ್ಲ. ಮೇಲಿಂದ ದೊಡ್ಡೋರ ಸಿಟ್ಟು ಬೇರೆ. ಅಧಿಕಾರಿ ಮುಂದೆ ಹೋಗಬೇಡ, ಕುದುರೆ ಹಿಂದೆ ಹೋಗಬೇಡ ಅಂತಾರಲ್ಲ? ಈರೋಜಿ ದಿನಾ ಎರಡು ಕಡೆಗೂ ಹೋಗಲೇಬೇಕು.

ಒಂದು ಬೇಸಿಗೆ ಬಂತು. ಹೇರು ಹೊರೋ ಮುದಿ ಕುದುರೆ ಒಂದು ಮೇವು ಬಿಡ್ತು. ಒಂದು ಹೊಳ್ಳೆಯಿಂದ ಜೇನಿನ ಹಾಗೆ ಅಂಟಂಟು ಕೀವು. ಹಿಂಗಾಲಿನ ಒಳಗಡೆ, ಹಗ್ಗಕ್ಕೆ ಗಂಟು ಹಾಕಿದಂಗೆ ಸಾಲುಗಂಟು. ಈರೋಜಿ ನೋಡಿದ.

ದೊರೆ ಹತ್ರ ಓಡಿದ. "ಬುದ್ಧೀ, ಇದು ಹೊಳ್ಳೆಬೇನೆ. ಇದಕ್ಕೆ ಬೇರಿಲ್ಲ, ಸೊಪ್ಪಿಲ್ಲ, ಮಂತ್ರ ಇಲ್ಲ. ಒಂದರಿಂದ ಒಂದಕ್ಕೆ ಹತ್ತತದೆ. ಕುದುರೆಯಿಂದ ಮನುಷ್ಯರಿಗೂ ಹತ್ತತದೆ. ಕೊಲ್ಲಬೇಕು, ಸುಡಬೇಕು, ಆಳಕ್ಕೆ ಹೂಳಬೇಕು."

"ಹೇರಿನ ಕುದುರೆ ತಾನೇ? ಕೊಲ್ಲು," ಅಂದ ದೊರೆ. ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ.

ಆಮೇಲೆ ಒಬ್ಬ ರಾವುತನ ಕೆಂಚುಕುದುರೆಗೆ ಬಂತು. ಅದೇ ಕೀವು, ಅದೇ ಗಂಟು. ಈರೋಜಿ ಮತ್ತೆ ಹೋದ, ಮತ್ತೆ ಅದೇ ಮಾತು ಹೇಳ್ದ. ಕೊಲ್ಲಬೇಕು, ಸುಡಬೇಕು, ಆಳಕ್ಕೆ ಹೂಳಬೇಕು.

"ನನ್ನ ದಂಡು ನೀನೇ ಮುಗಿಸ್ತೀಯಾ?" ಅಂತ ಗೊಣಗಿದ ದೊರೆ. "ಹೂಂ, ಕೊಲ್ಲು."

ಆ ರಾವುತ ಕುದುರೆಯ ಕೊರಳು ತಬ್ಬಿ ಅತ್ತ. ಈರೋಜಿ ಅವನನ್ನ ಬಿಡಿಸಿ, ಕೊಡಲಿಯ ಹಿಂಬದಿಯಿಂದ ಒಂದೇ ಪೆಟ್ಟಿಗೆ ಮುಗಿಸಿದ. ಅವತ್ತಿಂದ ಊರಲ್ಲಿ ಅವನನ್ನ ವೈದ್ಯ ಅನ್ನೋದು ಬಿಟ್ರು. ಕಟುಕ ಅಂದ್ರು.

ಕೇಳಿ ಈಗ. ಮೂರನೇದು ಯಾವುದು ಗೊತ್ತಾ? ತುಂಬೆ. ತುಂಬೆ ಹೂವಿನಂಥ ಬಿಳಿ ಹೆಣ್ಣುಕುದುರೆ, ದೊರೆ ಏರೋದು. ಹುಟ್ಟುವಾಗ ಅದರ ಕಾಲು ಅಡ್ಡ ಬಂದಿತ್ತು. ತೋಳು ಪೂರಾ ಒಳಗೆ ಹಾಕಿ, ತಿರುಗಿಸಿ ಎಳೆದವನು ಈರೋಜಿಯೇ. ತಾಯಿ ನೆಕ್ಕೋಕೆ ಮುಂಚೆ ಅದರ ಮೈ ಒರೆಸಿದವನೂ ಅವನೇ.

ತುಂಬೆಯ ಹೊಳ್ಳೆ ಒದ್ದೆ. ಕಾಲಲ್ಲಿ ಇನ್ನೂ ಒಂದೇ ಗಂಟು.

ಈ ಸಲ ದೊರೆಯೇ ಲಾಯಕ್ಕೆ ಬಂದ. "ಏನಯ್ಯಾ ಇದಕ್ಕೆ?"

ಈರೋಜಿ ಬಾಯಿ ತೆರೆಯೋಕೆ ಮುಂಚೆ ದೊರೆಯೇ ಅಂದ: "ಕೊಲ್ಲಬೇಕು ಅಂತ ಮಾತ್ರ ಅನ್ನಬೇಡ. ಕಟುಕ ಮಾಂಸಕ್ಕೆ ಕೊಲ್ತಾನೆ. ನೀನು ಗೊತ್ತಿಲ್ಲ ಅನ್ನೋಕೆ ನಾಚಿ ಕೊಲ್ತೀಯ. ನಿನ್ನ ವಿದ್ಯೆ ಇದೇನಾ? ಹೇಳು, ಇದಕ್ಕೆ ಏನು?"

ತುಂಬೆ ಈರೋಜಿಯ ಭುಜದ ಮೇಲೆ ಮೂತಿ ಇಟ್ಟು ನಿಂತಿತ್ತು. ಅದರ ಬಿಸಿಯುಸಿರು ಅವನ ಕಿವಿಗೆ ತಾಗ್ತಿತ್ತು. ಈರೋಜಿ ಆ ಕಾಲು ನೋಡಿದ, ದೊರೆಯ ಮುಖ ನೋಡಿದ. ಒಂದೇ ಗಂಟು ತಾನೇ, ಮುಳ್ಳು ಚುಚ್ಚಿದ್ರೂ ಚುಚ್ಚಿರಬಹುದು ಅಂತ ಮನಸ್ಸಿಗೆ ತಾನೇ ಸುಳ್ಳು ಹೇಳಿಕೊಂಡ. ಆಮೇಲೆ ಬಾಯಲ್ಲೂ ಹೇಳಿದ.

"ನೆಗಡಿ, ಬುದ್ಧಿ. ಆರೈಕೆ ಮಾಡಿದ್ರೆ ಹೋಗ್ತದೆ."

ಮುತ್ತು ಒಡೆದರೆ ಹೋಯ್ತು, ಮಾತು ಆಡಿದರೆ ಹೋಯ್ತು. ದೊರೆಯ ಮುಖ ಅರಳಿತು. ನೆಗಡಿ ತಾನೇ ಅಂತ ದಿನಾ ಬಂದು ಅಂಗೈಯಲ್ಲಿ ಬೆಲ್ಲ ತಿನ್ನಿಸಿದ, ಆ ಒದ್ದೆ ಮೂತಿ ಸವರಿದ. ತುಂಬೆಯ ಚಾಕರಿಗೆ ಅಲ್ಲೇ ಮಲಗೋಕೆ ಯಾರು ಬಂದ್ರು? ಮಾಲಿಂಗ. ಈರೋಜಿಯ ಹೆಂಡತಿ ಹೊಂಬವ್ವನ ಒಡಹುಟ್ಟಿದ ತಮ್ಮ. ಅವನ ಅಂಗೈಯಲ್ಲಿ ಹಗ್ಗ ಉಜ್ಜಿ ಸುಲಿದ ಗಾಯ ಇತ್ತು. ಬೇಡ ಅನ್ನಬಹುದಿತ್ತು ಈರೋಜಿ. ಬೇಡ ಅಂದ್ರೆ ಯಾಕೆ ಅಂತ ಕೇಳ್ತಿದ್ರು. ಅನ್ನಲಿಲ್ಲ.

ಮಾಲಿಂಗನಿಗೆ ಜ್ವರ ಬಂತು. ಮೂಗು ಕಟ್ಟಿತು, ಮುಖ ಊದಿತು, ಮೈತುಂಬ ಬೊಕ್ಕೆ ಎದ್ವು. ಅಕ್ಕನ ತೊಡೆಯ ಮೇಲೆ ತಲೆ ಇಟ್ಟು, ನೀರು ನೀರು ಅಂತ ಪ್ರಾಣ ಬಿಟ್ಟ.

ಹೊಂಬವ್ವ ಅಳಲಿಲ್ಲ. ಗಂಡನ ಕಡೆ ತಿರುಗಿ ಕೇಳಿದಳು: "ನಿನಗೆ ಗೊತ್ತಿತ್ತಾ?"

ಈರೋಜಿ ನೀರಿನ ಚೊಂಬು ಕೆಳಗಿಟ್ಟ.

"ಗೊತ್ತಿತ್ತಾ ಅಂತ ಕೇಳಿದೆ."

"ಗೊತ್ತಿತ್ತು."

ಅವಳು ಬಾಗಿಲು ಮುಚ್ಚಿಕೊಂಡಳು.

ಈರೋಜಿ ಅಲ್ಲಿಂದ ನೆಟ್ಟಗೆ ಲಾಯಕ್ಕೆ ನಡೆದ. ನೆತ್ತಿಯ ಮೇಲೆ ಬಿಸಿಲು. ಯಾರನ್ನೂ ಕೇಳಲಿಲ್ಲ, ಅಪ್ಪಣೆ ಬೇಡಲಿಲ್ಲ. ನೆಲ ಹಿಡಿದಿದ್ದ ತುಂಬೆ ಅವನ ಹೆಜ್ಜೆ ಕೇಳಿ ಏಳೋಕೆ ನೋಡಿತು. ಏಳಲಾರದೆ ಸಣ್ಣಗೆ ಕೆನೆಯಿತು. ಅವನು ಅದರ ಕಣ್ಣ ಮೇಲೆ ಒಂದು ಕೈ ಇಟ್ಟ. ಇನ್ನೊಂದು ಕೈಯಲ್ಲಿ ಕೊಡಲಿ ಎತ್ತಿದ. ಎತ್ತುವಾಗ ತೋಳಿನ ಒಳಗೆ ಏನೋ ಚುಳ್ ಅಂತು. ನೋಡಿದ. ಸಾಲುಗಂಟು.

ನೋಡಿ, ಮತ್ತೆ ಎತ್ತಿದ. ಒಂದೇ ಪೆಟ್ಟು.

ದೊರೆ ಕೆಂಡವಾಗಿ ಬಂದ. "ಇವನನ್ನ ನೇಣಿಗೆ ಹಾಕಿ!" ಅಂದ.

ತಳವಾರ ಹಗ್ಗ ತಂದ. ಈರೋಜಿ ಕೊರಳೊಡ್ಡಲಿಲ್ಲ, ತೋಳು ಚಾಚಿದ. "ಹಾಕಪ್ಪಾ. ಆದ್ರೆ ಮುಟ್ಟೋಕೆ ಮುಂಚೆ ಇದನ್ನ ನೋಡು."

ತಳವಾರ ಹಿಂದೆ ಸರಿದ. ಅವನ ಹಿಂದಿನವನೂ ಸರಿದ. ಅವನ ಹಿಂದಿನವನು ಓಡೇ ಹೋದ. ನೇಣಿಗೆ ಕೊರಳಿತ್ತು, ಕೊರಳಿಗೆ ಹಗ್ಗ ಇತ್ತು, ಹಾಕೋ ಕೈ ಒಂದೂ ಇರಲಿಲ್ಲ.

ದೂರದಿಂದ ಬಾಣ ಬಿಡಬಹುದಿತ್ತಲ್ಲ ಅಂತೀರಾ? ಬಿಡಬಹುದಿತ್ತು. ಆದ್ರೆ ಉಳಿದ ಕುದುರೆಗಳಲ್ಲಿ ಯಾವುದು ನೆಟ್ಟಗಿದೆ, ಯಾವುದು ಕೆಟ್ಟಿದೆ ಅಂತ ಹೇಳೋರು ಯಾರು? ಅದು ಬಲ್ಲವನು ಸೀಮೆಗೆ ಇವನೊಬ್ಬನೇ. ದೊರೆ ಎತ್ತಿದ ಕೈ ಇಳಿಸಿದ.

ಉಳಿದ ಕುದುರೆಗಳನ್ನೆಲ್ಲ ಹೊರಗೆ ಸಾಗಿಸಿ, ಲಾಯದ ಸುತ್ತ ಕಂದಕ ತೋಡಿದ್ರು. ಒಳಗೆ ಈರೋಜಿ, ಹೊರಗೆ ಲೋಕ. ರಾವುತರು ತಂತಮ್ಮ ಕುದುರೆ ಹಿಡಿದು ಕಂದಕದ ಅಂಚಿಗೆ ಬರೋರು. ಹೊಳ್ಳೆ ತೋರ್ಸೋರು, ಕಾಲು ತೋರ್ಸೋರು, ಓಡಿಸಿ ಉಸಿರು ಕೇಳಿಸೋರು. ಈರೋಜಿ ಒಂದೇ ಮಾತು ಕೂಗೋನು. ನೆಟ್ಟಗಿದ್ರೆ "ಗುಡ್ಡಕ್ಕೆ!" ಕೆಟ್ಟಿದ್ರೆ "ಈಚೆಗೆ!"

ಗುಡ್ಡಕ್ಕೆ ಅಂದದ್ದು ಹೊಸ ನೀರು, ಹೊಸ ಹುಲ್ಲಿಗೆ ಹೋಗ್ತಿತ್ತು. ಈಚೆಗೆ ಅಂದದ್ದು ಕಂದಕದ ಮೇಲೆ ಹಾಸಿದ ಹಲಗೆ ದಾಟಿ ಒಳಗೆ ಬರ್ತಿತ್ತು, ತಿರುಗಿ ಹೋಗ್ತಿರಲಿಲ್ಲ. ಒಬ್ಬ ರಾವುತ ಕೈಮುಗಿದು ಬೇಡಿದ: "ಇನ್ನೊಂದು ಸಲ ನೋಡಣ್ಣಾ, ಇದು ನೆಗಡಿ ಇರಬಹುದು." ಈರೋಜಿ ಕಣ್ಣು ಮುಚ್ಚಿದ. ತೆರೆದು ಮತ್ತೆ ನೋಡಿದ. "ಈಚೆಗೆ," ಅಂದ.

ಹೊಂಬವ್ವ ಬಂದಳಾ? ಬಂದಳು. ಅಂಬಲಿಯ ಮಡಕೆ ಕೋಲಿಗೆ ಸಿಕ್ಕಿಸಿ ಈಚೆ ದಾಟಿಸೋಳು. ಅವನು ಉಣ್ಣೋವರೆಗೂ ನಿಂತಿರೋಳು.

ಕೊನೆಯ ಕುದುರೆಯೂ ಗುಡ್ಡ ಹತ್ತಿತು. ಅಷ್ಟು ಹೊತ್ತಿಗೆ ಈರೋಜಿಗೆ ನಿಲ್ಲೋಕೆ ಕಂಬ ಬೇಕಾಗಿತ್ತು. ಬೆಳಗಿನ ಎಳೆಬಿಸಿಲಲ್ಲಿ ಕಂದಕದ ಅಂಚಿಗೆ ಇನ್ನೊಬ್ಬ ಬಂದ. ಕುದುರೆ ಇಲ್ಲ, ಆಳಿಲ್ಲ, ಕಾಲಲ್ಲಿ ಜೋಡಿಲ್ಲ. ಯಾರು? ಸರ್ಜಾನಾಯಕ. ದೊರೆ.

"ಈರೋಜಿ," ಅಂದ. ಬಲಗೈಗೆ ಸುತ್ತಿದ್ದ ಶಲ್ಯ ಬಿಚ್ಚಿದ. ಬೆಲ್ಲ ತಿನ್ನಿಸಿದ ಕೈ. ಅಂಗೈ ಬಿಸಿಲಿಗೆ ಹಿಡಿದ. "ನೋಡು. ನಾನು ಯಾರು ಅನ್ನೋದು ಬಿಟ್ಟು ನೋಡು."

ಈರೋಜಿ ನೋಡಿದ. ಮಣಿಕಟ್ಟಿಂದ ಮೊಣಕೈವರೆಗೆ ನೋಡಿದ. ಮೂಗಿನ ಹೊಳ್ಳೆ ನೋಡಿದ. ಗುಡ್ಡದ ಮೇಲೆ ಕುದುರೆಗಳು ಮೇಯ್ತಿದ್ವು, ಕೋಟೆಯಲ್ಲಿ ದೊರೆಯ ಮಕ್ಕಳಿದ್ರು. ಸುಳ್ಳು ಅವನ ನಾಲಿಗೆ ತುದಿಗೆ ಬಂತು, ಎಷ್ಟಾದರೂ ದಾರಿ ಗೊತ್ತಿರೋ ಸುಳ್ಳು ನೋಡಿ. ಅದನ್ನ ನುಂಗಿದ.

"ಈಚೆಗೆ," ಅಂದ.

ದೊರೆ ರುಮಾಲು ಬಿಚ್ಚಿ ಆಚೆಯ ನೆಲದ ಮೇಲೆ ಇಟ್ಟ. ಹಲಗೆ ದಾಟಿ ಬಂದ. ಮಣೆ ಇರಲಿಲ್ಲ, ಹುಲ್ಲಿನ ಮೇಲೆ ಕೂತ.

"ಮದ್ದು ಇಲ್ವೇನೋ?"

"ಇಲ್ಲ, ಬುದ್ಧಿ."

"ಅವತ್ತು ಹೀಗೇ ಹೇಳಬಾರದಿತ್ತಾ?"

"ಹೇಳಬೇಕಿತ್ತು."

"ನಾನು ಕೇಳ್ತಿದ್ದೆನಾ?"

"ಕೇಳ್ತಿರಲಿಲ್ಲ. ಆದ್ರೂ ಹೇಳಬೇಕಿತ್ತು."

ಅಂಬಲಿ ಮಡಕೆ ಬಂತು. ಇಬ್ಬರೂ ಒಂದೇ ಮಡಕೆಯಲ್ಲಿ ಕುಡಿದ್ರು.

ಗುಡ್ಡದ ಕುದುರೆ ಉಳಿದ್ವು. ಕಂದಕದ ಒಳಗೆ ಉಳಿದದ್ದು ಬೂದಿ. ಆ ಬೂದಿ ಆ ಸೀಮೆಯಲ್ಲೇ ಇರಲಿ, ನಮ್ಮ ಒಲೆಯ ಬೂದಿ ನಮಗಿರಲಿ. ಕೇಳಿದ ಕಿವಿ ತಣ್ಣಗಿರಲಿ. ಹೇಳಿದ ನಾಲಿಗೆ ಒಣಗಿದೆ, ಒಂದು ಚೊಂಬು ನೀರು ಕೊಡಿ.