ಪಟ್ಟಿಗೆ ಎಣ್ಣೆ ಹಚ್ಚುವವರು

ಮಳೆ ನಿಲ್ಲುವ ಹಾಗೆ ಕಾಣಲಿಲ್ಲ. ಹಾಡಿನ ಅಭ್ಯಾಸ ಮುಗಿಸಿದ ನಾಲ್ಕೈದು ಕನ್ನಡದ ಮನೆಯವರು ಟೋವಾ ಪಾಯೋದ ವಾಯ್ಡ್ ಡೆಕ್ಕಿನಲ್ಲಿ, ಫ್ಲ್ಯಾಟುಗಳ ಕೆಳಗಿನ ತೆರೆದ ಜಾಗದಲ್ಲಿ, ಒತ್ತಾಗಿ ಕೂತಿದ್ದರು. ದೆವ್ವದ ಕತೆ ಬೇಕೆಂದು ಅವರಲ್ಲೊಬ್ಬರ ಮಗಳು ಗಾರ್ಗಿ ಪೀಡಿಸಿದಳು. ಎಪ್ಪತ್ತು ದಾಟಿದ ಉಮಾ ಆಂಟಿ ಸೆರಗು ಹೊದ್ದು ನಕ್ಕರು.

"ನನ್ನ ತಮ್ಮ ಮುಕುಂದನಿಗೆ ಆಗಿದ್ದೇ ಹೇಳ್ತೀನಿ. ಅರ್ಧಕ್ಕೆ ಎದ್ದು ಹೋಗಬಾರ್ದು, ಆಯ್ತಾ?"

ಆಂಟಿ ಹೇಳಿದ್ದು ಇದು. ಎರಡು ಸಾವಿರದ ಆರನೇ ಇಸವಿ. ಊರ ತುಂಬ ಕ್ರೇನುಗಳು. ಇಂಜಿನಿಯರ್ ಮುಕುಂದ ಸೆಂಗ್‌ಕಾಂಗ್ ಬಡಾವಣೆಗೆ ಬಂದವನೇ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಕ್ಯಾಮೆರಾ ಕೊಂಡ. ಅದನ್ನು ಹೆಗಲಿಗೆ ಹಾಕಿಕೊಳ್ಳಲು ಬೆಲ್ಲದ ಬಣ್ಣದ ಚರ್ಮದ ಪಟ್ಟಿ. ಮಾರಿದ ಚೀನೀ ಹೆಂಗಸು, ಇದು ತೀರಿಹೋದ ತನ್ನ ಅಪ್ಪನದು, ಬೆವರು ಒರೆಸು, ತಿಂಗಳಿಗೊಮ್ಮೆ ಎಣ್ಣೆ ಹಚ್ಚು, ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರ ಇಡಬೇಡ ಎಂದು ಮೂರು ಸಲ ಹೇಳಿದಳು. ಮುಕುಂದ ಹೂಂ ಅಂದ... ಪ್ಲಾಸ್ಟಿಕ್ ಚೀಲದಲ್ಲೇ ಕಟ್ಟಿಟ್ಟ. ಸೈಟಿನ ಕೆಲಸದಲ್ಲಿ ಅವನಿಗೆ ಉಸಿರಾಡಲು ಬಿಡುವಿತ್ತೇ?

ಎರಡೇ ತಿಂಗಳಿಗೆ ಪಟ್ಟಿಯ ಮೇಲೆ ಬಿಳಿ ಬೂಷ್ಟು. ನಾಳೆ ನೋಡೋಣ ಎಂದು ಬೀರು ಮುಚ್ಚಿದ. ಮರುದಿನ ನೋಡಿದರೆ ಅದು ಅಡುಗೆಮನೆಯಲ್ಲಿ, ಬಿಸಿಲು ತಾಕದ ಕಡೆ, ಮಿರಮಿರ ಮಿಂಚುತ್ತ ತೂಗುತ್ತಿದೆ! ಹೆಂಡತಿ ವಿನುತಾಳನ್ನು ಕೇಳಿದರೆ, ನೀವೇ ಅಲ್ಲವೇ ಒರೆಸಿದ್ದು ಎಂದಳು. ಮುಂದಿನ ತಿಂಗಳೂ ಹಾಗೇ ಆಯಿತು.

ಆಮೇಲೊಂದು ಮಟಮಟ ಮಧ್ಯಾಹ್ನ, ಮನೆಯಲ್ಲಿ ಅವನೊಬ್ಬನೇ ಇದ್ದಾಗ, ಎಣ್ಣೆಯ ವಾಸನೆ ಬಂತು. ಅಡುಗೆಮನೆಗೆ ಇಣುಕಿದ. ಬನಿಯನ್ ತೊಟ್ಟ ಒಬ್ಬ ಚೀನೀ ಮುದುಕ ಸ್ಟೂಲಿನ ಮೇಲೆ ಕೂತು, ಪಟ್ಟಿಯನ್ನು ತೊಡೆಯ ಮೇಲೆ ಹರವಿಕೊಂಡು, ಬಟ್ಟೆಯ ಚೂರಿನಿಂದ ಮೆಲ್ಲಗೆ ಉಜ್ಜುತ್ತಿದ್ದ. ನೆಲದ ಮೇಲೆ ಸ್ಟೂಲಿನ ನೆರಳಿತ್ತು, ಮುದುಕನದಿರಲಿಲ್ಲ. ಮುಕುಂದ ಒಂದು ಹೆಜ್ಜೆ ಹಿಂದೆ ಸರಿದ. ಓಡಿಹೋಗಬಹುದಿತ್ತು... ಆದರೆ ಆ ಬಾಗಿದ ಬೆನ್ನು ನೋಡಿ ಅವನಿಗೆ ಭಯಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಇನ್ನೊಂದು ಸ್ಟೂಲ್ ಎಳೆದು ಕೂತ.

"ಸಾರಿ ಅಂಕಲ್... ಕೊಡಿ, ನಾನು ಮಾಡ್ತೀನಿ" ಅಂದ, ಗಾಬರಿಯಲ್ಲಿ ಕನ್ನಡದಲ್ಲೇ.

ಮುದುಕ ಕೊಟ್ಟ. ಎಣ್ಣೆ ಜಾಸ್ತಿಯಾದಾಗ ಬೇಡವೆಂದು ತಲೆಯಾಡಿಸಿದ. ಕೊನೆಗೆ ಬಕಲಿನ ಪಕ್ಕ ಬೆರಳಿಟ್ಟು ತೋರಿಸಿದ. ಹೊಲಿಗೆ ಸವೆದು ಒಂದೇ ಎಳೆ ಉಳಿದಿತ್ತು. ಮುಕುಂದ ತಲೆಯೆತ್ತುವಷ್ಟರಲ್ಲಿ ಎದುರಿನ ಸ್ಟೂಲ್ ಖಾಲಿ.

ಅವತ್ತೇ ಚಪ್ಪಲಿ ರಿಪೇರಿಯವನಿಂದ ಅದನ್ನು ಗಟ್ಟಿ ದಾರದಲ್ಲಿ ಹೊಲಿಸಿದ. ಮುಂದಿನ ವಾರ ಜಲಾಶಯದ ಸೇತುವೆಯ ಮೇಲೆ ಪುಟ್ಟ ಮಗಳು ಖುಷಿ ಕಂಬಿ ಹತ್ತಿ, ಬಗ್ಗಿ, ಆಚೆಗೆ ಜಾರಿದಳು. ಅವಳ ಕೈಗೆ ಸಿಕ್ಕಿದ್ದು ಅಪ್ಪನ ಹೆಗಲಲ್ಲಿದ್ದ ಪಟ್ಟಿ. ಮುಕುಂದ ಅವಳ ತೋಳು ಹಿಡಿದು ಮೇಲಕ್ಕೆ ಎಳೆದುಕೊಳ್ಳುವವರೆಗೆ ಮಗುವಿನ ಭಾರವನ್ನೆಲ್ಲ ಆ ಹೊಸ ಹೊಲಿಗೆಯೇ ತಡೆಯಿತು.

ಕೂತವರೆಲ್ಲ ಉಸಿರುಬಿಟ್ಟರು. ಆ ತಾತ ಮತ್ತೆ ಬರಲೇ ಇಲ್ಲವೇ ಎಂದು ಗಾರ್ಗಿ ಕೇಳಿದಳು.

"ಈಗ್ಲೂ ತಿಂಗಳ ಮೊದಲ ಭಾನುವಾರ ಮುಕುಂದ ಅಡುಗೆಮನೇಲಿ ಪಟ್ಟಿಗೆ ಎಣ್ಣೆ ಹಚ್ಚೋಕೆ ಕೂರ್ತಾನೆ. ವಿನುತಾ ಎರಡು ಲೋಟ ಕಾಫಿ ಇಟ್ಟು ಬಾಗಿಲು ಮುಂದೆ ಮಾಡ್ಕೊಂಡು ಬರ್ತಾಳೆ. ಅವನು ಕುಡಿಯೋದು ಒಂದೇ..." ಉಮಾ ಆಂಟಿ ನಗುತ್ತಲೇ ದನಿ ತಗ್ಗಿಸಿದರು. "ಮೊನ್ನೆ ಲೋಟ ತೊಳೆದಿದ್ದು ನಾನು. ಎರಡೂ ಖಾಲಿ."